ಇಬ್ಬರಿಗೊಂದು ಕರ್ಸರ್

ಮೂರು ವರ್ಷ ಹಾಗೆ ನಡೆಯಿತು ಎಂದೇ ನನ್ನ ನೆನಪು. ಆದರೆ ಕಪಾಟಿನಲ್ಲಿರುವ ಕನ್ನಡ ಸಂಘದ ವಾರ್ಷಿಕ ಸಂಚಿಕೆಗಳು ಎರಡೇ. ಎರಡು ಎಂದಿಟ್ಟುಕೊಳ್ಳುತ್ತೇನೆ.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದು. ನಾನು ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಒಬ್ಬಳೇ ಇದ್ದೆ. ಸಂಚಿಕೆಯ ಕರಡು ತಿದ್ದುವ ಕೆಲಸ ನನಗೂ ಹತ್ತಿರದ ಠಾಣೆ ನಗರದ ಒಬ್ಬ ಹಿರಿಯರಿಗೂ ಬಿದ್ದಿತ್ತು. ಬ್ಯಾಂಕಿನಿಂದ ನಿವೃತ್ತರಾದ, ಧಾರವಾಡದ ಕಡೆಯ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಪುಟ ಕಟ್ಟುವ ಕನ್ನಡ ತಂತ್ರಾಂಶ ಇದ್ದದ್ದು ಅವರ ಕಂಪ್ಯೂಟರಿನಲ್ಲಿ ಮಾತ್ರ. ಅದೇ ಫೈಲನ್ನು ನನ್ನಲ್ಲಿ ತೆರೆದರೆ ಅಕ್ಷರಗಳ ಬದಲು ಚಿಹ್ನೆಗಳ ರಾಶಿ. ಆದ್ದರಿಂದ ಭಾನುವಾರ ಮಧ್ಯಾಹ್ನ ಎರಡಕ್ಕೆ ಅವರು ಆ ತಂತ್ರಾಂಶವನ್ನು ಇಂಟರ್ನೆಟ್ ಮೂಲಕ ನನ್ನೊಂದಿಗೆ ಹಂಚಿಕೊಳ್ಳುತ್ತಿದ್ದರು. ಅವರ ಪುಟ ನನ್ನ ಪರದೆಯ ಮೇಲೆ ಮೂಡುತ್ತಿತ್ತು; ನಾನಿಲ್ಲಿ ಒತ್ತಿದ ಅಕ್ಷರ ಠಾಣೆಯಲ್ಲಿ ಬೀಳುತ್ತಿತ್ತು. ಕರ್ಸರ್ ಮಾತ್ರ ಒಂದೇ. ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಹಿಡಿಯಬೇಕು. ಮಾತಿಗೆ ಪಕ್ಕದಲ್ಲಿ ಫೋನಿನ ಸ್ಪೀಕರ್.

“ತಗೋ ತಂಗಿ, ನಿನ್ನ ಕೈಯಾಗ ಕೊಟ್ಟೆ. ಕವಿಗಳ ಮ್ಯಾಲೆ ಸಿಟ್ಟು ತೀರಿಸ್ಕೋಬ್ಯಾಡ.”

ಓದುವಾಗ ಅವರು ಕರ್ಸರನ್ನು ಸಾಲಿನ ಕೆಳಗೆ ಬೆರಳಿನಂತೆ ಸರಿಸುತ್ತಿದ್ದರು. ಚಹಾ ಇಡಲು ಎದ್ದುಹೋದರೆ ಅದು ಯಾವುದೋ ಪದದ ಮಧ್ಯೆ ನಿಂತಿರುತ್ತಿತ್ತು. ನಾನದನ್ನು ಮುಟ್ಟದೆ ಕಾಯುತ್ತಿದ್ದೆ. ವಾರವಿಡೀ ಕಚೇರಿಯಲ್ಲೂ ನಮ್ಮ ವಸತಿ ಸೊಸೈಟಿಯಲ್ಲೂ ಮರಾಠಿ, ಹಿಂದಿ. ಕನ್ನಡ ಮಾತಾಡುತ್ತಿದ್ದದ್ದು ಆ ನಾಲ್ಕು ತಾಸು ಮಾತ್ರ. ಒಂದು ತಾಸಿನ ಕೆಲಸವನ್ನು ಅಷ್ಟು ಎಳೆಯುತ್ತಿದ್ದವಳು ನಾನೇ.

ಎರಡನೆಯ ವರ್ಷ ಸಂಘ ತಂತ್ರಾಂಶದ ಇನ್ನೊಂದು ಪ್ರತಿ ತರಿಸಿತು. ಅಕ್ಕ ಸಿ.ಡಿ.ಯನ್ನು ಕೊರಿಯರಿನಲ್ಲಿ ಕಳಿಸಿ, ಇನ್ನು ನನಗಾಗಿ ಕಾಯಬೇಡ, ನಿನ್ನ ಪುಟಗಳನ್ನು ನಿನಗೆ ಪುರಸೊತ್ತಾದಾಗ ಮಾಡು ಎಂದರು. ನಾನು ಲಕೋಟೆ ಒಡೆಯಲೇ ಇಲ್ಲ. ಹಾಕಿ ನೋಡಿದೆ, ಇನ್‌ಸ್ಟಾಲ್ ಆಗುತ್ತಿಲ್ಲ ಎಂದೆ. ಇನ್ನೂ ಮೂರು ಭಾನುವಾರ ದಕ್ಕಿದವು.

ನಾಲ್ಕನೆಯದರಂದು, ಕೆಲಸದ ನಡುವೆ, ಅಕ್ಕ ಹೇಳಿದರು: “ಹಂಗಾರ ಮುಂದಿನ ವಾರ ನಾನ ಬಂದು ಹಾಕಿಕೊಡ್ತೀನಿ. ಡೊಂಬಿವಲಿ ಏನ್ ದೂರ? ಊಟಾನೂ ಅಲ್ಲೇ ಮಾಡ್ತೀನಿ.”

ಒಡೆಯದ ಲಕೋಟೆ ಕಣ್ಣೆದುರಿಗೇ ಇತ್ತು.

“ಬೇಡ ಅಕ್ಕ. ನಿನ್ನೆ ಸರಿಯಾಯ್ತು, ಹೇಳ್ಲಿಕ್ಕೆ ಮರ್ತೆ.”

ಅಷ್ಟು ಹೊತ್ತಿಗೆ ಎರಡು ತಾಸಿನಿಂದ ನಾವು ಅವರ ತಂತ್ರಾಂಶದಲ್ಲೇ ಕೂತಿದ್ದೆವು ಎಂಬುದು ಆಮೇಲೆ ಹೊಳೆಯಿತು. ಅಕ್ಕನಿಗೆ ಅದು ಆಗಲೇ ಹೊಳೆಯಿತೋ ಇಲ್ಲವೋ ತಿಳಿಯದು. “ಚಲೋ ಆತ್ ಬಿಡು” ಎಂದದ್ದು ಮಾತ್ರ ಖಚಿತ.

ಅವರು ಬರುವ ಮೊದಲು ಲಕೋಟೆ ಹರಿದಿಡಲು ಒಂದು ನಿಮಿಷ ಸಾಕಿತ್ತು. ಅದು ಹೊಳೆಯಲಿಲ್ಲವೋ, ಒಂದೇ ತಟ್ಟೆ ಒಂದೇ ಲೋಟದ ಆ ಮನೆಯನ್ನು ಯಾರೂ ನೋಡುವುದು ನನಗೆ ಬೇಕಿರಲಿಲ್ಲವೋ, ಇವತ್ತಿಗೂ ಹೇಳಲಾರೆ.

ಲಕೋಟೆ ಒಡೆದು ಸಿ.ಡಿ. ಹಾಕಿಕೊಂಡು, ಮುಂದಿನ ಭಾನುವಾರ ಒಬ್ಬಳೇ ತಿದ್ದಿ ಮೇಲ್ ಮಾಡಿದೆ. ‘ಮುಟ್ಟಿತು’ ಎಂದು ಉತ್ತರ ಬಂತು. ಎರಡಕ್ಕೆ ಕೂತವಳು ಮೂರಕ್ಕೆಲ್ಲ ಎದ್ದಿದ್ದೆ.