ಲಗ್ನವಾಗಿಲ್ಲ ಎಂಬ ಪತ್ರ

ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸೀಳುತ್ತಿದ್ದವರ ಮಗಳು ನಾನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಸೇಡಂನ ಕಚೇರಿಯಲ್ಲಿ ಸಿಬ್ಬಂದಿ ವಿಷಯದ ಮೇಜು ಸಿಕ್ಕ ಮೇಲೆ, ಯಾವ ಕಾಗದವನ್ನೂ ಪೂರ್ತಿ ಓದದೆ ಕೈಬಿಡುವವಳಲ್ಲ ಎಂಬ ಹೆಮ್ಮೆ ನನಗಿತ್ತು.

ಆಡಕಿಯಲ್ಲಿ ನಮ್ಮ ಇಲಾಖೆಯ ಜವಾನರೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಗಂಡುಮಕ್ಕಳಿರಲಿಲ್ಲ, ಹೆಂಡತಿ ಹಾಸಿಗೆ ಹಿಡಿದಿದ್ದರು. ಅನುಕಂಪದ ನೌಕರಿ ಕೇಳಿಕೊಂಡು ಮಗಳು ಬಂದಳು. ನನ್ನ ಮೇಜಿನ ಗಾಜಿನಡಿ ಬೇಕಾದ ದಾಖಲೆಗಳ ಹಳೆಯ ಪಟ್ಟಿಯಿತ್ತು. ಮಗಳಾದರೆ ಅವಿವಾಹಿತೆ ಎಂಬ ಪ್ರಮಾಣಪತ್ರ ಬೇಕೆಂದು ಅದರಲ್ಲಿತ್ತು. ಅದನ್ನೂ ತರಲು ಹೇಳಿ ಅರ್ಜಿ ವಾಪಸ್ ಕೊಟ್ಟೆ. ಬಂದ ಕಾಗದಗಳ ವಹಿಯಲ್ಲಿ ನಮೂದಿಸಲೂ ಇಲ್ಲ.

ಎರಡು ತಿಂಗಳ ಮೇಲೆ ಮತ್ತೆ ಬಂದಳು.

“ಮೇಡಂ, ನಾ ಎರಡು ಮಕ್ಕಳ ತಾಯಿ. ಲಗ್ನ ಆಗಿಲ್ಲಂತ ಯಾರ ಬರದು ಕೊಡ್ತಾರ್ರಿ? ಊರ ಲೆಕ್ಕ ಬರಿಯೋ ತಲಾಠಿ ಸಾಹೇಬ್ರು, ‘ನಿನ್ನ ಗಂಡನ್ನೇ ಸಾಕ್ಷಿಗಿ ಕರ್ಕೊಂಡು ಬಾ’ ಅಂತ ನಗಲಿಕತ್ತರು.”

“ಲಗ್ನ ಆಗಿದ್ರ ನೌಕರಿ ಬರಂಗಿಲ್ಲ ತಂಗಿ,” ಎಂದೆ.

“ನಿಮಗ ಆಗ್ಯಾದಲ್ರಿ? ಕುರ್ಚಿ ಮ್ಯಾಲ ಕುಂತೀರಲ್ಲ?”

ನಿಯಮ ತೋರಿಸಿಯೇ ಕಳಿಸೋಣವೆಂದು ಸುತ್ತೋಲೆಗಳ ಕಡತ ತೆಗೆದೆ. ತಿದ್ದುಪಡಿ ಅಲ್ಲೇ ಇತ್ತು. ‘ಮಗಳು’ ಎಂಬುದರ ಹಿಂದಿದ್ದ ‘ಅವಿವಾಹಿತ’ ಎಂಬ ಮಾತನ್ನು ಸರ್ಕಾರ ತೆಗೆದುಹಾಕಿತ್ತು. ಅಂಚಿನಲ್ಲಿ ‘ನೋಡಿದೆ’ ಎಂದು ನನ್ನದೇ ಚಿಕ್ಕ ಸಹಿ.

ತಂದೆ ತೀರಿದ ಒಂದು ವರ್ಷದೊಳಗೆ ಅರ್ಜಿ ಬರಬೇಕು. ಆ ವರ್ಷ ಮುಗಿದು ಹನ್ನೊಂದು ದಿನವಾಗಿತ್ತು. ಮೊದಲ ಸಲ ಬಂದಾಗ ಅವಧಿಯಿತ್ತು. ಹಾಗೆ ಬಂದಿದ್ದಳೆಂಬುದಕ್ಕೆ ನನ್ನನ್ನು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ.

ಶಿರಸ್ತೇದಾರರಿಗೆ ಹೇಳಿದೆ. “ತಡ ಆಗ್ಯಾದಂತ ಬರದು ಕಳಸ್ರಿ, ಮ್ಯಾಲಿನವರು ನೋಡ್ಕೋತಾರ. ನಿಮ್ಮ ಹೆಸರ ಯಾಕ ಹಾಕ್ಕೋತೀರಿ? ನೋಟಿಸ್ ಬರ್ತದ ಮತ್ತ,” ಎಂದರು.

“ಬರ್ಲಿ ಬಿಡ್ರಿ ಸರ.”

ಅವಳ ಅರ್ಜಿಯನ್ನು ವಹಿಯಲ್ಲಿ ನಮೂದಿಸಿಕೊಂಡು, ಅರ್ಜಿದಾರರು ಅವಧಿಯೊಳಗೇ ಬಂದಿದ್ದರು, ಹಳೆಯ ಪಟ್ಟಿ ನೋಡಿ ನಾನೇ ಹಿಂದಿರುಗಿಸಿದೆ ಎಂದು ಟಿಪ್ಪಣಿ ಬರೆದೆ. ಗಾಜೆತ್ತಿ ಆ ಪಟ್ಟಿಯನ್ನು ತೆಗೆದು ಟಿಪ್ಪಣಿಗೆ ಲಗತ್ತಿಸಿದೆ.

ಕಲಬುರಗಿಯ ಮೇಲಿನ ಕಚೇರಿಯಿಂದ ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಅವಳಿಗೆ ಚಿಂಚೋಳಿಗೆ ನೇಮಕದ ಆದೇಶ. ಅದೇ ಟಪಾಲಿನಲ್ಲಿ ನನಗೆ ಕಾರಣ ಕೇಳುವ ನೋಟಿಸ್. ಸುತ್ತೋಲೆಯನ್ನು ಓದಿದ್ದಿರಾ ಎಂದು ಅದರಲ್ಲಿ ಕೇಳಿದ್ದರು.

ಓದಿರಲಿಲ್ಲ, ಸಹಿ ಮಾತ್ರ ಮಾಡಿದ್ದೆ ಎಂದು ಬರೆದು ಕಳಿಸಿದೆ.