ಎಸೆನ್‌ಕುಲ್ ತನ್ನ ನಾಯಿಯನ್ನು ಗದರಿಸಿದ ದಿನ

ಎಸೆನ್‌ಕುಲ್‌ನಂಥ ಮೆತ್ತನೆಯ ಮನುಷ್ಯನನ್ನು ಕಿರ್ಗಿಸ್ತಾನದ ನಮ್ಮ ಓಶ್ ಸೀಮೆಯಲ್ಲೇ ನಾನು ಕಂಡಿಲ್ಲ. ಹದಿನಾರು ವರ್ಷ ರಕ್ಷಣಾ ದಳದ ಲಾರಿಯಲ್ಲಿ ಅವನನ್ನೂ ಅವನ ನಾಯಿಗಳನ್ನೂ ಹತ್ತಿಸಿಕೊಂಡು ತಿರುಗಿದ ಡ್ರೈವರ್ ನಾನು; ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಹಿರಿಯರು ಬಂದರೆ ಬಾಯಲ್ಲಿದ್ದ ತುತ್ತನ್ನೂ ನುಂಗದೆ ಎದ್ದು ನಿಲ್ಲುತ್ತಿದ್ದ. ನಾಯಿಯ ಜೊಲ್ಲು ತಾಗಿದೆಯೆಂದು ನಮಾಜಿಗೆ ಮುಂಚೆ ಏಳು ಸಲ ಕೈ ತೊಳೆಯುತ್ತಿದ್ದ. "ಹಿಂಗೇ ಉಜ್ಜಿದ್ರೆ ಕೈಯೇ ಸವೆದು ಹೋಗುತ್ತೆ ಕಣೋ" ಎಂದು ರೇಗಿಸಿದರೆ ನಗುತ್ತಿದ್ದ.

ಅವನ ಮೂರನೆಯ ನಾಯಿ ಆಲಾ. ಮಣ್ಣಿನಡಿ ಜೀವಂತ ಮನುಷ್ಯರಿದ್ದರೆ ಮಾತ್ರ ಬೊಗಳುತ್ತಿದ್ದಳು. ಕುರಿ, ದನಗಳ ವಾಸನೆ ಬಂದರೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಏಪ್ರಿಲ್‌ನ ಬೆಳಿಗ್ಗೆ ಬೆಟ್ಟ ಜರಿದು ಆಕ್ಮಾತ್ ಎಂಬ ಅಜ್ಜನ ಮನೆ, ಕೊಟ್ಟಿಗೆ ಎರಡರ ಮೇಲೂ ಕೂತಿತ್ತು. ಎಲ್ಲರೂ ಹೊರಗೆ ಬಂದಿದ್ದರು, ಸೊಸೆ ಬುರುಲ್ ಒಬ್ಬಳನ್ನು ಬಿಟ್ಟು. ಇದ್ದದ್ದು ಒಂದೇ ಅಗೆಯುವ ಯಂತ್ರ. "ಒಲೆ ಮುಂದೆ ಇದ್ಳು, ಮನೇನೇ ಅಗೀರಿ" ಎಂದ ಅಜ್ಜ. ಆಲಾ ಮಾತ್ರ ನೇರ ಕೊಟ್ಟಿಗೆಯ ಕಡೆ ಓಡಿ ಒಂದೇ ಸಮನೆ ಬೊಗಳತೊಡಗಿದಳು.

"ಅದು ಕೊಟ್ಟಿಗೆ ಕಣಯ್ಯಾ! ಎರಡು ಹಸು ಹೂತುಹೋಗಿವೆ. ನನ್ನ ಸೊಸೆ ಎಲ್ಲಿದ್ಳು ಅಂತ ನನಗಿಂತ ನಿನ್ನ ನಾಯಿಗೆ ಗೊತ್ತಾ?"

"ಅಜ್ಜಾ, ಇದು ಹಸುಗೆಲ್ಲ ಬೊಗಳಲ್ಲ..."

"ಬಿಳಿ ಗಡ್ಡದೋರಿಗೆ ಎದುರು ಮಾತಾಡ್ತೀಯಾ?"

ಅಷ್ಟೇ, ಮುಗಿಯಿತು. ಎಸೆನ್‌ಕುಲ್ ಕಿವಿಯವರೆಗೂ ಕೆಂಪಾದ. "ಬಾಯ್ಮುಚ್ಚು ಆಲಾ! ಬಾ ಈ ಕಡೆ!" ಎಂದು ಗದರಿ ಹಗ್ಗ ಎಳೆದ. ಅವಳು ಮತ್ತೆ ಬೊಗಳಿದಳು, ಅವನು ಮತ್ತೆ ಎಳೆದ. ನಾಯಿ ಸುಳ್ಳು ಹೇಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನೇನು ಕಡಿಮೆಯೇ? ಸಿಗರೇಟು ಸೇದುತ್ತಾ ತೆಪ್ಪಗೆ ನಿಂತಿದ್ದೆ.

ಹಗಲೆಲ್ಲ ಮನೆ ಅಗೆದೆವು. ರಜಾಯಿ ಸಿಕ್ಕಿತು, ಚಹಾದ ಪಾತ್ರೆ ಸಿಕ್ಕಿತು. ಸಂಜೆ ಆಲಾ ಹಗ್ಗ ಕಿತ್ತುಕೊಂಡು ಕೊಟ್ಟಿಗೆಯ ಮೇಲೆ ಹೋಗಿ ಮಣ್ಣು ಕೆರೆಯತೊಡಗಿದಾಗ ಎಸೆನ್‌ಕುಲ್ ಯಾರನ್ನೂ ಕೇಳಲಿಲ್ಲ, ಸಲಿಕೆ ಎತ್ತಿಕೊಂಡ. ಹಾಲು ಕರೆಯಲು ಹೋಗಿದ್ದ ಬುರುಲ್ ಹಸುವಿನ ಪಕ್ಕದಲ್ಲಿ ಉಸಿರಾಡುತ್ತಿದ್ದಳು. ತೊಲೆಯಡಿ ಸಿಕ್ಕಿದ್ದ ಬಲಗಾಲನ್ನು ಕತ್ತರಿಸಬೇಕಾಯಿತು. ಬೆಳಿಗ್ಗೆಯೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದರು ಡಾಕ್ಟರು.

ಹತ್ತನೆಯ ದಿನ ಒಣಗಿದ ಜರ್ದಾಳು ಹಣ್ಣು ಕಟ್ಟಿಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ತಪ್ಪೊಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ ಎಸೆನ್‌ಕುಲ್. ಬುರುಲ್ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಅಣ್ಣಾ, ಬೆಳಿಗ್ಗೇನೇ ನಾಯಿ ಬೊಗಳಿದ್ದು ಕೇಳಿಸ್ತು. ಬದುಕ್ದೆ ಅಂದ್ಕೊಂಡೆ. ಅಷ್ಟರಲ್ಲಿ ಯಾವನೋ ‘ಬಾಯ್ಮುಚ್ಚು, ಬಾ ಈ ಕಡೆ’ ಅಂದ. ನಾನೂ ಕೂಗೋಕೆ ನೋಡ್ದೆ, ಸ್ವರಾನೇ ಏಳ್ಲಿಲ್ಲ. ಯಾರಣ್ಣಾ ಅವನು?"

ಎಸೆನ್‌ಕುಲ್ ಟೋಪಿ ಹಿಸುಕುತ್ತಾ ನಿಂತ. ಮಾನಗೆಟ್ಟವನು, ನಾನು ನಡುವೆ ಬಾಯಿ ಹಾಕಿದೆ: "ಊರಿನವರು ಯಾರೋ ಇರ್ಬೇಕಮ್ಮಾ." ಇದನ್ನು ಹೇಳುವಾಗ ಇವತ್ತಿಗೂ ನಾಚಿಕೆಯಿಂದ ನನ್ನ ತಲೆ ಮೇಲೇಳುವುದಿಲ್ಲ.

"ಯಾವನಾದ್ರೂ ಸರಿ," ಎಂದಳು ಬುರುಲ್, "ಅವನ ಬಾಯಿಗೆ ಮಣ್ಣು ಬೀಳ!"

ಎಸೆನ್‌ಕುಲ್ ಪ್ರಾರ್ಥನೆ ಮುಗಿಸಿದವನ ಹಾಗೆ ಎರಡೂ ಅಂಗೈಗಳಿಂದ ಮುಖ ಸವರಿಕೊಂಡು, "ಆಮೀನ್" ಅಂದ.