ತಂದೆಯವರ ಪೆಟ್ಟಿಗೆಯಲ್ಲಿ ದೊರೆತ ಸಿಗಾರಿನ ವಯಸ್ಸು ಮತ್ತು ಮೂಲದ ಕುರಿತು

ಈ ಬರಹವು ನನ್ನ ತಂದೆಯವರ ಕಬ್ಬಿಣದ ಪೆಟ್ಟಿಗೆಯಲ್ಲಿ ದೊರೆತ ಒಂದು ಸಿಗಾರಿಗೆ ಸಂಬಂಧಿಸಿದ್ದಾಗಿದೆ. ಇದಕ್ಕೆ ಮುಂಚೆ ನಾನು ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲವಾದ್ದರಿಂದ, ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ತಂದೆಯವರು ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಕೋಟೆ ಪ್ರದೇಶದ ಒಂದು ಕ್ಲಬ್ಬಿನಲ್ಲಿ ಬೇರರ್ ಆಗಿದ್ದರು. ನಾನು ಎರಡನೆಯ ತರಗತಿಯಲ್ಲಿದ್ದಾಗ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಸದಸ್ಯರೊಬ್ಬರ ಡಬ್ಬಿಯಿಂದ ಸಿಗಾರ್ ಕಾಣೆಯಾಗಿದೆಯೆಂಬುದು ಆರೋಪ. ತಂದೆಯವರು ಮನೆಯಲ್ಲಿ ಈ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ದಾದರಿನ ಒಂದು ಉಡುಪಿ ಹೋಟೆಲಿಗೆ ಸೇರಿ, ಕೊನೆಯವರೆಗೂ ಅಲ್ಲಿಯೇ ದುಡಿದರು. ಆದರೆ ನಾವಿದ್ದ ಚಾಳಿನ ಮನೆಮನೆಗೂ ಸುದ್ದಿ ಹಬ್ಬಿತ್ತು. ಅಕ್ಕನಿಗೆ ಬಂದ ಮೊದಲ ಸಂಬಂಧ ಇದೇ ಕಾರಣಕ್ಕೆ ಮುರಿದುಬಿತ್ತು.

ತಂದೆಯವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದಾಗ, ಪಂಚೆಗಳ ಅಡಿಯಲ್ಲಿ ಈ ಸಿಗಾರ್ ಕಂಡಿತು. ಅಕ್ಕನೂ ನಾನೂ ಪರಸ್ಪರ ಮುಖ ನೋಡಲಿಲ್ಲ. ತಾಯಿಯವರು ಮಾತ್ರ ಅದನ್ನು ಸೆರಗಿನಿಂದ ಒರೆಸಿ ಎತ್ತಿಟ್ಟರು. ಆ ವರ್ಷದಿಂದ ಆಯುಧ ಪೂಜೆಯ ದಿನ ತಂದೆಯವರ ಹಿತ್ತಾಳೆಯ ಟ್ರೇ ಮತ್ತು ಬಾಟಲಿ ಓಪನರಿನ ಪಕ್ಕದಲ್ಲಿ ಸಿಗಾರನ್ನೂ ಇಟ್ಟು, ಕುಂಕುಮ ಕಲಸಿ ಹಚ್ಚತೊಡಗಿದರು. ಕದ್ದ ವಸ್ತುವಿಗೆ ಪೂಜೆಯೇ ಎಂದು ನನಗೆ ಮೈ ಮುದುಡುತ್ತಿತ್ತು. ಕೇಳುವ ಧೈರ್ಯ ಮಾಡಲಿಲ್ಲ.

ಕಳೆದ ವರ್ಷ ತಾಯಿಯವರೂ ತೀರಿಕೊಂಡರು. ಸಿಗಾರ್ ಸಯನ್ನಿನ ನನ್ನ ಮನೆಗೆ ಬಂತು. ಅಕ್ಕ ದಾದರಿನಿಂದ ಫೋನ್ ಮಾಡಿದಳು.

"ಅದು ಕ್ಲಬ್ಬಿನದ್ದೇ ಹೌದಾ ಅಲ್ವಾ ಅಂತ ಗೊತ್ತಿದ್ದವರಿಗೆ ತೋರಿಸು ಮಾರಾಯ. ನನಗೆ ಎಪ್ಪತ್ತು ದಾಟಿತು. ಕದ್ದದ್ದಾದ್ರೆ ಕದ್ದದ್ದು ಅಂತ ಹೇಳು, ಸಾಕು. ನಿನ್ನ ಆಫೀಸಿನ ಹಾಗೆ ಫೈಲು ತಿರುಗಿಸ್ತಾ ಕೂತ್ಕೊಳ್ಬೇಡ."

ವಿಚಾರಿಸಲಾಗಿ, ಬಾಂದ್ರಾದ ಒಂದು ಗಲ್ಲಿಯಲ್ಲಿ ಹಳೆಯ ತಂಬಾಕಿನ ಅಂಗಡಿ ನಡೆಸುವ, ಮಂಗಳೂರು ಮೂಲದ ಕ್ರೈಸ್ತ ವೃದ್ಧೆ ಬಾಯಮ್ಮನವರ ವಿಷಯ ತಿಳಿದುಬಂತು. ಅವರನ್ನು ಕಂಡದ್ದು ನನ್ನ ಭಾಗ್ಯವೆಂದೇ ಭಾವಿಸಿದ್ದೇನೆ.

ನಾನು ಪೊಟ್ಟಣ ಬಿಚ್ಚಿದೊಡನೆ ಅವರು ನಕ್ಕರು. "ಯೇಸುವೇ! ಇದನ್ನು ಯಾರು ಮದುಮಗಳ ಹಾಗೆ ಸಿಂಗಾರ ಮಾಡಿದ್ದು?"

ಆಯುಧ ಪೂಜೆಯ ವಿಷಯ ತಿಳಿಸಿದೆ.

"ಎಪ್ಪತ್ತು ವರ್ಷದಿಂದ ತಂಬಾಕು ನೋಡ್ತಿದ್ದೇನೆ, ಪೂಜೆ ಮಾಡಿಸಿಕೊಂಡದ್ದನ್ನು ಇವತ್ತೇ ನೋಡಿದ್ದು. ನಿಮ್ಮ ತಾಯಿ ದೊಡ್ಡ ಮನುಷ್ಯರು."

ಅನಂತರ ಅವರು ನಗಲಿಲ್ಲ. ಸೋಪು ಮುಟ್ಟದೆ ಬರೀ ನೀರಿನಲ್ಲಿ ಕೈ ತೊಳೆದು, ಒರೆಸಿ, ಸಿಗಾರನ್ನು ಅಂಗೈಯಲ್ಲಿಟ್ಟು ತೂಗಿದರು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ, ಎಲೆ ಮುರಿಯುವ ಸದ್ದು ಬರುವ ಮುಂಚೆಯೇ ಬೆರಳು ಸಡಿಲಿಸಿದರು. ಮೇಲಿನ ಪಾರದರ್ಶಕ ಕಾಗದದೊಳಗಿನ ಎಲೆಯ ಸುತ್ತನ್ನು ಉಗುರಿನಿಂದ ಮುಟ್ಟದೆ ತೋರಿಸಿ, ಸುತ್ತಿದವರು ಎಡಚರಿರಬೇಕೆಂದರು. ಒಂದು ಸಣ್ಣ ವಸ್ತುವಿಗೆ ಅಷ್ಟು ಗೌರವ ಕೊಟ್ಟವರನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ.

"ಎರಡೂ ತುದಿ ನೋಡಿ, ನೇರ ಕತ್ತರಿಸಿದೆ. ಪರದೇಶದ ಸಿಗಾರಿಗೆ ಒಂದು ತುದಿ ಮುಚ್ಚಿರ್ತದೆ. ಇದು ತಿರುಚಿನಾಪಳ್ಳಿ ಕಡೆಯ ಚುಟ್ಟ. ಒಳ್ಳೆಯದೇ, ಆದರೆ ನಮ್ಮದೇ."

ನಾನು ಸಮಾಧಾನಗೊಳ್ಳಬೇಕಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. "ಕ್ಲಬ್ಬಿನಲ್ಲಿ ಇಂಥದ್ದನ್ನೂ ಇಟ್ಟಿರಬಹುದಲ್ಲವೇ?" ಎಂದು ಕೇಳಿಯೇಬಿಟ್ಟೆ.

"ಇಟ್ಟಿರಬಹುದು. ಅದಕ್ಕೇ ವಯಸ್ಸು ಬೇಕಾದ್ದು. ಆದರೆ ನೋಡಬೇಕಾದ ಜಾಗಕ್ಕೇ ನೀವು ಕುಂಕುಮ ಬಳಿದಿದ್ದೀರಿ!"

ಆ ಪಾರದರ್ಶಕ ಕಾಗದ ಹಳದಿಗಟ್ಟಿತ್ತು. ಅದಕ್ಕೆ ಅಂಟಿಸಿದ ಸಣ್ಣ ಚೀಟಿಯ ಮೇಲೆ ವರ್ಷವರ್ಷದ ಕುಂಕುಮ ಪದರಪದರವಾಗಿ ಕೂತಿತ್ತು. ಬಾಯಮ್ಮನವರು ಮೃದುವಾದ ಬ್ರಶ್ಶಿನಿಂದ ಒಂದೊಂದೇ ಪದರ ಉದುರಿಸಿದರು. ಅರ್ಧ ತಾಸು ಹಿಡಿಯಿತು. ಗಿರಾಕಿಯೊಬ್ಬರು ಬಂದಾಗ "ಬಾದ್ ಮೇ ಆವೋ" ಎಂದು, ಆಮೇಲೆ ಬರಲು ಹೇಳಿ ಕಳುಹಿಸಿದರು.

"ನಿಮ್ಮ ತಂದೆ ಕ್ಲಬ್ಬು ಬಿಟ್ಟದ್ದು ಯಾವಾಗ?"

"ನಾನು ಎರಡನೆಯ ತರಗತಿಯಲ್ಲಿದ್ದೆ."

ಅವರು ಭೂತಗನ್ನಡಿಯನ್ನು ನನ್ನತ್ತ ಸರಿಸಿದರು. "ನೀವೇ ಓದಿ."

ಕಾರ್ಖಾನೆಯ ಹೆಸರು ಅಳಿಸಿಹೋಗಿತ್ತು. ಊರಿನ ಹೆಸರು ಅರ್ಧ ಉಳಿದಿತ್ತು. ಅದರ ಮುಂದೆ ಆರು ಅಂಕಿಗಳಿದ್ದವು. ಪಿನ್ ಕೋಡ್.

ನಾನು ಮೂವತ್ತೈದು ವರ್ಷ ಟಪಾಲು ವಿಭಾಗದಲ್ಲಿ ವಿಳಾಸ ಬರೆದವನು. ಪಿನ್ ಕೋಡ್ ಬರೆಯುವ ಪದ್ಧತಿ ಬಂದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಮೇಷ್ಟ್ರು ಕಾರ್ಡಿನ ಮೇಲೆ ನಮ್ಮೆಲ್ಲರಿಂದ ಬರೆಯಿಸಿದ್ದರು. ಹೀಗಾಗಿ, ತಂದೆಯವರು ಕ್ಲಬ್ಬು ಬಿಟ್ಟಾಗ ಈ ಚೀಟಿ ಅಚ್ಚಾಗಿರಲೇ ಇಲ್ಲ. ಕನ್ನಡಿಯ ಅಡಿಯಲ್ಲಿ ಅಂಕಿಗಳು ಮಸುಕಾದವು. ಬಾಯಮ್ಮನವರು ನೀರಿನ ಲೋಟ ಮುಂದಿಟ್ಟರು.

ಬಾಂದ್ರಾ ಸ್ಟೇಷನ್ನಿಗೆ ಹೋಗುವಷ್ಟೂ ತಾಳಲಾರದೆ ಗಲ್ಲಿಯಿಂದಲೇ ಅಕ್ಕನಿಗೆ ಫೋನ್ ಮಾಡಿ, ಕಂಡದ್ದನ್ನು ಕ್ರಮವಾಗಿ ನಿವೇದಿಸಿದೆ. ಎಲ್ಲ ಆಲಿಸಿ ಅವಳು ಕೇಳಿದಳು.

"ಬೀಡಿ ಸಹ ಮುಟ್ಟಿದವರಲ್ಲ ಅಪ್ಪ. ಮತ್ತೆ ಎಂತಕ್ಕೆ ತಗೊಂಡ್ರು ಅದನ್ನ?"

"ತಿಳಿಯದು."

"ದಿನಾ ಟ್ರೇಯಲ್ಲಿ ಹೊತ್ತು ಬೇರೆಯವರಿಗೆ ಕೊಟ್ಟವರು. ಒಂದನ್ನಾದ್ರೂ ಅಂಗಡಿಗೆ ಹೋಗಿ, ಕೇಳಿ, ತನ್ನದು ಅಂತ ತಗೊಳ್ಳೋಣ ಅಂತ ಕಂಡಿರಬೇಕು. ಅಮ್ಮನಿಗೆ ಗೊತ್ತಿತ್ತು. ನಾವಿಬ್ಬರೇ ಕತ್ತೆಗಳು."

ಇದು ಅಕ್ಕನ ಊಹೆಯೇ ಹೊರತು ದಾಖಲೆಯಲ್ಲ. ಆದರೂ ನಾನು ಆಕ್ಷೇಪಿಸಲಿಲ್ಲ.

ಆಗ ಫೋನಿನಲ್ಲಿ ಅವಳ ದನಿ ದೂರವಾಯಿತು. ಮರಾಠಿ ಮನೆತನದಿಂದ ಬಂದ ಸೊಸೆಗೆ, ತಂದೆಯವರು ಬರೀ ಹೋಟೆಲಿನಲ್ಲಿದ್ದರೆಂದು ಮಾತ್ರ ಅಕ್ಕ ಇದುವರೆಗೆ ಹೇಳಿದ್ದಳು. ಈಗ ಆ ಸೊಸೆಯನ್ನು ಕರೆದು, ತಂದೆಯವರು ದೊಡ್ಡ ಕ್ಲಬ್ಬಿನಲ್ಲಿದ್ದ ಕಥೆಯನ್ನೆಲ್ಲ ಹೇಳುವೆನು, ಕುಳಿತುಕೋ ಎಂದು ಅಡುಗೆಮನೆಯತ್ತ ಹಿಂದಿಯಲ್ಲಿ ಕೂಗುತ್ತಿದ್ದಳು:

"ಸುನೋ ಬೇಟಾ, ಇಧರ್ ಆವೋ. ಮೇರೇ ಪಪ್ಪಾ ಬಡೇ ಕ್ಲಬ್ ಮೇ ಕಾಮ್ ಕರ್‌ತೇ ಥೇ. ಬೈಠೋ, ಸಬ್ ಬತಾತೀ ಹೂಂ."

ಫೋನ್ ಇಡುವುದನ್ನು ಅವಳು ಮರೆತಿದ್ದಳು. ನಾನು ರಸ್ತೆಯ ಬದಿಯಲ್ಲಿ ನಿಂತು ಪೂರ್ತಿ ಕೇಳಿದೆ.